ಗೂಡಿನೊಳಗಿನ ಲೋಹ: ಜಿಯೋಲೈಟ್ ಮತ್ತು ಮಾಫ್‌ಗಳಲ್ಲಿ ಸಣ್ಣ ಕ್ಲಸ್ಟರ್‌ಗಳನ್ನು ಹಿಡಿದಿಡುವುದು ಹೇಗೆ

ಪ್ಲಾಟಿನಂ, ಪಲ್ಲಾಡಿಯಂಗಳಂಥ ದುಬಾರಿ ಲೋಹಗಳಲ್ಲಿ ವೇಗವರ್ಧನೆಯ ಕೆಲಸ ಮಾಡುವುದು ಹೊರಮೈಯಲ್ಲಿರುವ ಪರಮಾಣುಗಳು ಮಾತ್ರ. 147 ಪರಮಾಣುಗಳ ಕಣದಲ್ಲಿ 92 ಹೊರಮೈಯಲ್ಲಿರುತ್ತವೆ. 55ರ ಕಣದಲ್ಲಿ 42. 13ರ ಕಣದಲ್ಲಿ ನಡುವಿನ ಒಂದನ್ನು ಬಿಟ್ಟರೆ ಉಳಿದ 12ವೂ ಹೊರಗೇ. ಹಾಗಾಗಿ ಕಣ ಚಿಕ್ಕದಾದಷ್ಟೂ ಲಾಭ. ಕೆಲವೇ ಪರಮಾಣುಗಳ ಇಂಥ ಕಣವನ್ನು ಕ್ಲಸ್ಟರ್ ಎನ್ನುತ್ತಾರೆ. ಆದರೆ ಚಿಕ್ಕ ಕಣ ಚಿಕ್ಕದಾಗಿಯೇ ಉಳಿಯುವುದಿಲ್ಲ. ಬಿಸಿ ತಾಗಿದರೆ ಇಡೀ ಕಣವೇ ಜಾರಿಹೋಗಿ ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ. ಇಲ್ಲವೇ ಚಿಕ್ಕ ಕಣದಿಂದ ಒಂದೊಂದೇ ಪರಮಾಣು ಕಳಚಿ ದೊಡ್ಡ ಕಣಕ್ಕೆ ಸೇರಿಕೊಳ್ಳುತ್ತದೆ. ಕೆಲ್ವಿನ್‌ನಲ್ಲಿ ಅಳೆದ ಕರಗುವ ಬಿಂದುವಿನ ಅರ್ಧದಷ್ಟು ಉಷ್ಣತೆಯಲ್ಲಿ ಲೋಹದ ಪರಮಾಣುಗಳು ಚೆನ್ನಾಗಿ ಓಡಾಡುತ್ತವೆ ಎಂಬುದು ಹಳೆಯ ಅಂದಾಜು. ಪ್ಲಾಟಿನಂಗೆ ಅದು ಸುಮಾರು 750 ಡಿಗ್ರಿ ಸೆಲ್ಸಿಯಸ್, ತಾಮ್ರಕ್ಕೆ ಸುಮಾರು 405 ಡಿಗ್ರಿ. ಒಂದು ನ್ಯಾನೋಮೀಟರಿನ ಕಣಗಳು ಇದಕ್ಕಿಂತ ಎಷ್ಟೋ ಕೆಳಗೇ ಕದಲಲು ಶುರುಮಾಡುತ್ತವೆ.

ಇದಕ್ಕೆ ಒಂದು ಉಪಾಯ ಜಿಯೋಲೈಟ್, ಅಂದರೆ ಸಿಲಿಕಾನ್, ಆಮ್ಲಜನಕ, ಸಾಮಾನ್ಯವಾಗಿ ಅಲ್ಯೂಮಿನಿಯಂ ಕೂಡ ಸೇರಿದ ರಂಧ್ರಮಯ ವಸ್ತು. ಅದರ ಹರಳಿನಲ್ಲಿ ಗೂಡುಗಳಿವೆ, ಗೂಡಿನಿಂದ ಗೂಡಿಗೆ ಕಿಂಡಿಗಳಿವೆ, ಕಿಂಡಿ ಗೂಡಿಗಿಂತ ಕಿರಿದು. ವೈ ಜಿಯೋಲೈಟ್‌ನ ದೊಡ್ಡ ಗೂಡು ಸುಮಾರು 1.2 ನ್ಯಾನೋಮೀಟರ್ ಅಗಲ, ಕಿಂಡಿ 0.74. ಎ ಜಿಯೋಲೈಟ್‌ನಲ್ಲಿ ಗೂಡು 1.1ರ ಆಸುಪಾಸು, ಕಿಂಡಿ 0.41. ಸಿಲಿಕಲೈಟ್-1ರಲ್ಲಿ ಗೂಡು ಎನ್ನುವಂಥದ್ದಿಲ್ಲ. ಅಲ್ಲಿರುವುದು 0.55 ನ್ಯಾನೋಮೀಟರಿನ ಓಣಿಗಳು ಮತ್ತು ಅವು ಕೂಡುವಲ್ಲಿ ಸುಮಾರು 0.9ರ ಜಾಗ. ಕ್ಲಸ್ಟರ್ ಗೂಡಿನೊಳಗೆ ಬೆಳೆದು ಕಿಂಡಿಗಿಂತ ದೊಡ್ಡದಾದರೆ ಇಡಿಯಾಗಿ ಹೊರಬರಲು ದಾರಿಯಿಲ್ಲ. ಒಳಗೆ ಬರುವ ಅಣುಗಳನ್ನೂ ಆ ಕಿಂಡಿಯೇ ಜರಡಿ ಹಿಡಿಯುತ್ತದೆ. ವೈಝ್ ಮತ್ತು ಫ್ರಿಲೆಟ್ 1960ರಲ್ಲಿ ಈ ಗಾತ್ರದ ಆಯ್ಕೆಯನ್ನು ತೋರಿಸಿಕೊಟ್ಟ ಮೇಲೆ ಇಡೀ ಕ್ಷೇತ್ರ ಬೆಳೆದದ್ದು ಅದರ ಮೇಲೆಯೇ.

ಲೋಹವನ್ನು ಒಳಗೆ ಸೇರಿಸುವುದೇ ಕಷ್ಟ ಎಂದು ಹೊಸಬರು ತಿಳಿಯುತ್ತಾರೆ. ನನ್ನ ಪ್ರಕಾರ ನಿಜವಾದ ಕಷ್ಟ ಬೇರೆ: ಲೋಹ ಒಳಗೆ ಎಷ್ಟು ದೂರ ಓಡಾಡಬೇಕು ಎಂಬುದನ್ನು ಹಿಡಿತದಲ್ಲಿಡುವುದು. ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಒಣ ಸೋಡಿಯಂ-ವೈ (ಸೋಡಿಯಂ ಅಯಾನುಗಳಿರುವ ವೈ ಜಿಯೋಲೈಟ್) ಒಂದು ಗ್ರಾಮಿನಲ್ಲಿ ಸುಮಾರು 3.8 × 10²⁰ ದೊಡ್ಡ ಗೂಡುಗಳಿವೆ. ಶೇ 1 ಪ್ಲಾಟಿನಂ ಎಂದರೆ 10 ಮಿಲಿಗ್ರಾಂ, ಅಂದರೆ 3.1 × 10¹⁹ ಪರಮಾಣುಗಳು. ಹಂಚಿಕೆ ಸಮನಾಗಿದ್ದರೆ 12 ಗೂಡಿಗೆ ಒಂದು ಪರಮಾಣು. 13 ಪರಮಾಣುಗಳ ಒಂದು ಕ್ಲಸ್ಟರ್ ಆಗಬೇಕಾದರೆ ಸುಮಾರು 160 ಗೂಡುಗಳ ಪ್ಲಾಟಿನಂ ಒಂದೆಡೆ ಸೇರಬೇಕು. 160 ಗೂಡು ಎಂದರೆ 20 ಏಕಕೋಶ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕ), ಬದಿ 7 ನ್ಯಾನೋಮೀಟರಿಗೂ ಕಡಿಮೆ ಇರುವ ಒಂದು ಘನ. ಅಂದರೆ ಪ್ರತಿ ಪರಮಾಣು ಮೂರು ನಾಲ್ಕು ನ್ಯಾನೋಮೀಟರ್ ನಡೆದರೆ ಸಾಕು, ಬೇಕಾದದ್ದು ಸಿಗುತ್ತದೆ. ಅದೇ ಪರಮಾಣು ನೂರು ನ್ಯಾನೋಮೀಟರ್ ನಡೆದರೆ ಹರಳಿನ ಅಂಚು ತಲುಪಿ ಹೊರಗೆ ದೊಡ್ಡ ಕಣವಾಗಿ ಕೂರುತ್ತದೆ. ಮುಂದೆ ಹೇಳುವ ನಿಧಾನ ಬಿಸಿ, ಹೆಚ್ಚಿನ ಅನಿಲ ಹರಿವು, ತೆಳುವಾದ ಪದರ, ಈ ಎಲ್ಲದರ ಉದ್ದೇಶವೂ ಆ ನಡಿಗೆಯನ್ನು ಮೂರು ನಾಲ್ಕು ನ್ಯಾನೋಮೀಟರಿನಲ್ಲಿ ನಿಲ್ಲಿಸುವುದೇ.

ಅಯಾನು ವಿನಿಮಯ: ವೈ ಜಿಯೋಲೈಟ್‌ನ ದಾರಿ

ಜಿಯೋಲೈಟ್‌ನಲ್ಲಿರುವ ಸೋಡಿಯಂ ಅಯಾನುಗಳ ಜಾಗಕ್ಕೆ ಬೇಕಾದ ಲೋಹದ ಅಯಾನುಗಳನ್ನು ತರುವುದೇ ಅಯಾನು ವಿನಿಮಯ. ಮೊದಲು ಲವಣದ ಆಯ್ಕೆ. ಕ್ಲೋರೋಪ್ಲಾಟಿನಿಕ್ ಆಮ್ಲ ಸುಲಭವಾಗಿ ಸಿಗುತ್ತದೆ ಎಂದು ಅದನ್ನೇ ಸುರಿದರೆ ಕೆಲಸ ಕೆಟ್ಟಿತು. ಜಿಯೋಲೈಟ್ ಚೌಕಟ್ಟು ಋಣ ಆವೇಶದ್ದು, ಕ್ಲೋರೋಪ್ಲಾಟಿನೇಟ್ ಕೂಡ ಋಣ ಅಯಾನು. ಒಳಗೆ ಹಿಡಿದಿಡುವ ಸೆಳೆತ ಇಲ್ಲದ್ದರಿಂದ ಒಣಗಿಸುವಾಗ ನೀರಿನ ಜೊತೆ ಹರಳಿನ ಹೊರಮೈಗೆ ಬಂದು ನಿಲ್ಲುತ್ತದೆ. ಬೇಕಾದದ್ದು ಧನ ಅಯಾನು. ಟೆಟ್ರಾಅಮೀನ್ ಪ್ಲಾಟಿನಂ ನೈಟ್ರೇಟ್ ಒಳ್ಳೆಯದು. ಅದರ ಅಣುತೂಕ 387.2, ಹಾಗಾಗಿ 10 ಮಿಲಿಗ್ರಾಂ ಪ್ಲಾಟಿನಂಗೆ 19.9 ಮಿಲಿಗ್ರಾಂ ಲವಣ.

ತೂಕದಲ್ಲೊಂದು ಬಲೆ ಇದೆ. ಗಾಳಿಗೆ ತೆರೆದಿಟ್ಟ ಸೋಡಿಯಂ-ವೈನಲ್ಲಿ ತೂಕದ ನಾಲ್ಕನೇ ಒಂದು ಭಾಗದಷ್ಟು ನೀರು ಇರುತ್ತದೆ. ಒಣ ತೂಕ ಒಂದು ಗ್ರಾಂ ಬೇಕೆಂದರೆ ಡಬ್ಬಿಯಿಂದ 1.33 ಗ್ರಾಂ ತೆಗೆಯಬೇಕು. ಸ್ವಲ್ಪ ಸ್ಯಾಂಪಲನ್ನು ಥರ್ಮೋಗ್ರಾವಿಮೆಟ್ರಿಯಲ್ಲಿ 500 ಡಿಗ್ರಿವರೆಗೆ ಬಿಸಿ ಮಾಡಿ ತೂಕದ ನಷ್ಟ ನೋಡಿಕೊಂಡರೆ ಖಚಿತ ಸಂಖ್ಯೆಯೇ ಸಿಗುತ್ತದೆ. ಇದನ್ನು ಬಿಟ್ಟವರ ಲೋಹದ ಶೇಕಡಾವಾರು ಮೊದಲ ದಿನದಿಂದಲೇ ತಪ್ಪು.

1.33 ಗ್ರಾಂ ಜಿಯೋಲೈಟನ್ನು 200 ಮಿಲಿಲೀಟರ್ ನೀರಿನಲ್ಲಿ ಕದಡಿ, ಲವಣವನ್ನು 50 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಜೋರಾಗಿ ಕಲಕುತ್ತ ನಿಮಿಷಕ್ಕೆ ಒಂದು ಮಿಲಿಲೀಟರಿನಂತೆ ಹನಿಸಿ. ಆತುರಪಟ್ಟರೆ ಏನಾಗುತ್ತದೆ? ಒಂದು ಗ್ರಾಂ ಸೋಡಿಯಂ-ವೈಗೆ ಸುಮಾರು 4.4 ಮಿಲಿ ಸಮಾನಾಂಶದಷ್ಟು (ಅಯಾನುಗಳ ಆವೇಶವನ್ನು ಎಣಿಸುವ ಅಳತೆ) ಅಯಾನು ಬದಲಿಸಿಕೊಳ್ಳುವ ತಾಕತ್ತಿದೆ. ನಾವು ಕೊಡುತ್ತಿರುವ ಪ್ಲಾಟಿನಂ ಬರೀ 0.1. ಶೇ 2ರಷ್ಟೇ ಜಾಗ ತುಂಬಬೇಕಿರುವಾಗ, ಹನಿ ಬಿದ್ದಲ್ಲಿ ಎದುರಾದ ಮೊದಲ ಹರಳುಗಳೇ ಎಲ್ಲವನ್ನೂ ನುಂಗಿಬಿಡುತ್ತವೆ. ಉಳಿದವಕ್ಕೆ ಏನೂ ಸಿಗದು. ನೀರಿಗೆ ಮೊದಲೇ 0.01 ಮೋಲಾರ್‌ನಷ್ಟು ಸೋಡಿಯಂ ನೈಟ್ರೇಟ್ ಸೇರಿಸಿದರೆ ಸೋಡಿಯಂ ಅಯಾನುಗಳು ಪೈಪೋಟಿ ಕೊಟ್ಟು ಪ್ಲಾಟಿನಂ ಬಿಟ್ಟು ಹಿಡಿದು ಹರಡಿಕೊಳ್ಳುವಂತೆ ಮಾಡುತ್ತವೆ. ಕೊಠಡಿ ಉಷ್ಣತೆಯಲ್ಲಿ 24 ಗಂಟೆ ಕಲಕಿ, ಸೋಸಿ, ನೀರಿನಲ್ಲಿ ಮೂರು ಬಾರಿ ತೊಳೆದು, 80 ಡಿಗ್ರಿ ಮೀರದಂತೆ ಒಣಗಿಸಿ. ಸೋಸಿದ ನೀರನ್ನು ಚೆಲ್ಲದೆ ಅದರಲ್ಲಿ ಉಳಿದ ಪ್ಲಾಟಿನಂ ಅಳೆಯಿರಿ. ಪುಡಿ ಈ ಹಂತದಲ್ಲಿ ಬಿಳಿಯಾಗಿಯೇ ಇರಬೇಕು.

ಈಗ ಕ್ಯಾಲ್ಸಿನೇಷನ್, ಅಂದರೆ ಆಮ್ಲಜನಕ ಹರಿಸುತ್ತ ಬಿಸಿ ಮಾಡಿ ಅಮೋನಿಯಾವನ್ನು ಓಡಿಸುವುದು. ಹೆಚ್ಚಿನವರ ಕೈ ಜಾರುವುದು ಇಲ್ಲೇ. ಒಣಗಿದ ಪುಡಿಗೆ ನೇರವಾಗಿ ಹೈಡ್ರೋಜನ್ ಕೊಟ್ಟರೆ ಅಮೋನಿಯಾ ಇನ್ನೂ ಅಂಟಿಕೊಂಡಿರುವಾಗಲೇ ಪ್ಲಾಟಿನಂ ಹೈಡ್ರೈಡ್ ಆಗುತ್ತದೆ. ಅದಕ್ಕೆ ಆವೇಶವಿಲ್ಲ, ಚೌಕಟ್ಟು ಅದನ್ನು ಹಿಡಿಯುವುದಿಲ್ಲ, ಸರಾಗವಾಗಿ ಓಡಿಹೋಗುತ್ತದೆ. ಮುಚ್ಚಿದ ಮಫಲ್ ಕುಲುಮೆಯಲ್ಲಿ ಗಾಳಿಯಲ್ಲೇ ಬೇಗ ಬಿಸಿ ಮಾಡಿದರೂ ಹೆಚ್ಚುಕಡಿಮೆ ಅದೇ ಕಥೆ: ಬಿಡುಗಡೆಯಾದ ಅಮೋನಿಯಾ ಅಲ್ಲೇ ನಿಂತು ಪ್ಲಾಟಿನಂ ಅನ್ನು ಅಪಕರ್ಷಿಸುತ್ತದೆ (ಅಯಾನನ್ನು ಲೋಹವಾಗಿಸುತ್ತದೆ), ಆವಿಯಾದ ನೀರು ಅದರ ಓಡಾಟಕ್ಕೆ ಅನುಕೂಲ ಮಾಡಿಕೊಡುತ್ತದೆ. ಆದ್ದರಿಂದ ಕೊಳವೆ ಕುಲುಮೆಯೇ ಬೇಕು. ಪುಡಿಯನ್ನು ಕೆಲವೇ ಮಿಲಿಮೀಟರ್ ದಪ್ಪದ ಪದರವಾಗಿ ಹರಡಿ, ಗ್ರಾಮಿಗೆ ನಿಮಿಷಕ್ಕೆ 500 ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಒಣ ಆಮ್ಲಜನಕ ಹರಿಸಿ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ 300 ಡಿಗ್ರಿಗೆ ಏರಿಸಿ ಎರಡು ಗಂಟೆ ನಿಲ್ಲಿಸಿ. ಏರುವುದಕ್ಕೇ ಒಂಬತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ, ರಾತ್ರಿ ಹಾಕಿಟ್ಟು ಬಿಡುವ ಕೆಲಸ. 400 ಡಿಗ್ರಿ ದಾಟಿಸಬೇಡಿ. ಉಷ್ಣತೆ ಹೆಚ್ಚಿದಷ್ಟೂ ಪ್ಲಾಟಿನಂ ಅಯಾನುಗಳು ದೊಡ್ಡ ಗೂಡು ಬಿಟ್ಟು ಸೋಡಲೈಟ್ ಎಂಬ ಚಿಕ್ಕ ಗೂಡುಗಳಿಗೆ ಇಳಿಯುತ್ತವೆ. ಅಲ್ಲಿಗೆ ಪ್ರತಿವರ್ತಕಗಳು ತಲುಪುವುದಿಲ್ಲ, ಅಪಕರ್ಷಣೆಗೂ ಹೆಚ್ಚು ಬಿಸಿ ಬೇಕಾಗುತ್ತದೆ.

ತಣಿದ ಮೇಲೆ ಆರ್ಗಾನ್ ಹರಿಸಿ ಆಮ್ಲಜನಕ ಪೂರ್ತಿ ಹೊರದೂಡಿ. ಇದು ಸುರಕ್ಷತೆಯ ಮಾತು, ಅರ್ಧ ಗಂಟೆ ಕೊಡಿ. ನಂತರ ಆರ್ಗಾನ್‌ನಲ್ಲಿ ಶೇ 5 ಹೈಡ್ರೋಜನ್, ನಿಮಿಷಕ್ಕೆ 2 ಡಿಗ್ರಿ, 300 ಡಿಗ್ರಿಯಲ್ಲಿ ಒಂದೆರಡು ಗಂಟೆ. ಹೊರಗೆ ತೆಗೆಯುವ ಮುನ್ನ ಕೊಠಡಿ ಉಷ್ಣತೆಯಲ್ಲಿ ಶೇ 1 ಆಮ್ಲಜನಕದ ಮಿಶ್ರಣ ಹರಿಸಿ, ಗಾಳಿ ತಾಗಿದಾಗ ಒಮ್ಮೆಲೇ ಬಿಸಿಯಾಗದಂತೆ ಶಾಂತಗೊಳಿಸಿ. ಪುಡಿ ತಿಳಿ ಬೂದು ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದನ್ನು ಮರೆಯಬಾರದು: ಒಂದೊಂದು ಪ್ಲಾಟಿನಂ ಅಯಾನು ಲೋಹವಾದಾಗಲೂ ಎರಡು ಪ್ರೋಟಾನ್ ಹುಟ್ಟಿ ಚೌಕಟ್ಟಿಗೆ ಅಂಟುತ್ತವೆ. ಅಂದರೆ ನೀವು ಬಯಸದಿದ್ದರೂ ಆಮ್ಲ ತಾಣಗಳು ಬಂದಿವೆ. ಹೈಡ್ರೋಜನೀಕರಣಕ್ಕೆ ಇದರಿಂದ ದೊಡ್ಡ ಬಾಧೆಯಿಲ್ಲ. ಪ್ರೊಪೇನ್‌ನಿಂದ ಹೈಡ್ರೋಜನ್ ತೆಗೆಯುವಂಥ 550 ಡಿಗ್ರಿಯ ಕೆಲಸದಲ್ಲಿ ಆ ತಾಣಗಳು ಅಣುವನ್ನು ಒಡೆದು ಇಂಗಾಲ ಕಟ್ಟಿಸುತ್ತವೆ. ದುರ್ಬಲ ಸೋಡಿಯಂ ಅಥವಾ ಪೊಟ್ಯಾಸಿಯಂ ದ್ರಾವಣದಲ್ಲಿ ಮತ್ತೊಮ್ಮೆ ವಿನಿಮಯ ಮಾಡಿ ತಟಸ್ಥಗೊಳಿಸಬಹುದು.

ಹರಳು ಕಟ್ಟುವಾಗಲೇ ಲೋಹವನ್ನು ಸೇರಿಸುವುದು

ಎ ಜಿಯೋಲೈಟ್‌ನ 0.41ರ ಕಿಂಡಿಯಲ್ಲಿ ಅಮೀನ್ ಸಂಕೀರ್ಣ (ಅಮೋನಿಯಾ ಅಂಟಿಕೊಂಡ ಲೋಹದ ಅಯಾನು) ನುಗ್ಗುವುದಿಲ್ಲ. ಸಿಲಿಕಲೈಟ್-1ರಲ್ಲಿ ಅಲ್ಯೂಮಿನಿಯಂ ಇಲ್ಲ, ಆವೇಶವಿಲ್ಲ, ಆದ್ದರಿಂದ ಅಯಾನು ವಿನಿಮಯದ ಪ್ರಶ್ನೆಯೇ ಇಲ್ಲ. ಇಂಥ ಕಡೆ ಲೋಹವನ್ನು ಜೆಲ್‌ನಲ್ಲೇ (ಹರಳು ಬೆಳೆಯುವ ಮೂಲ ಮಿಶ್ರಣ) ಕಲಸಿ ಅದರ ಸುತ್ತ ಹರಳು ಬೆಳೆಯುವಂತೆ ಮಾಡಬೇಕು. ತೊಡಕು ಕ್ಷಾರದ್ದು. ಈ ಜೆಲ್‌ಗಳ ಪಿಎಚ್ 12-13ರ ಮೇಲಿರುತ್ತದೆ, ಬರೀ ಲೋಹದ ಲವಣ ಹಾಕಿದರೆ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಲೋಹವನ್ನು ಬಿಗಿಯಾಗಿ ಹಿಡಿಯುವ ಲಿಗ್ಯಾಂಡ್ ಬೇಕು. ಪಲ್ಲಾಡಿಯಂಗೆ ಎಥಿಲೀನ್‌ಡೈಅಮೀನ್ ಚೆನ್ನಾಗಿ ಹೊಂದುತ್ತದೆ. ಎ ಜಿಯೋಲೈಟ್‌ಗೆ ಮರ್ಕ್ಯಾಪ್ಟೋಪ್ರೊಪೈಲ್ ಟ್ರೈಮೆಥಾಕ್ಸಿಸಿಲೇನ್ ಬಳಸುತ್ತಾರೆ. ಅದರ ಗಂಧಕದ ತುದಿ ಲೋಹವನ್ನು ಹಿಡಿದರೆ ಸಿಲಿಕಾನ್ ತುದಿ ಚೌಕಟ್ಟಿಗೆ ಬೆಸೆದುಕೊಳ್ಳುತ್ತದೆ. ಉಪಾಯ ಸೊಗಸಾಗಿದೆ, ಆದರೆ ಉಳಿದ ಗಂಧಕ ಲೋಹಕ್ಕೆ ವಿಷ. ಆಮ್ಲಜನಕ, ಆಮೇಲೆ ಹೈಡ್ರೋಜನ್ ಎಂದು ಎರಡೂ ಕೊಟ್ಟು ಚೊಕ್ಕ ಮಾಡಲೇಬೇಕು.

ಸಿಲಿಕಲೈಟ್-1ಕ್ಕೆ ಸಿಲಿಕಾ, ಟೆಟ್ರಾಪ್ರೊಪೈಲ್ ಅಮೋನಿಯಂ ಹೈಡ್ರಾಕ್ಸೈಡ್, ನೀರು ಮೋಲ್ ಲೆಕ್ಕದಲ್ಲಿ 1 : 0.4 : 35. ಗ್ರಾಮಿನಲ್ಲಿ: ಶೇ 25ರ ಹೈಡ್ರಾಕ್ಸೈಡ್ ದ್ರಾವಣ 13.0 ಗ್ರಾಂ, ಅದಕ್ಕೆ ನೀರು 12.4 ಗ್ರಾಂ, ಕಲಕುತ್ತ ಟೆಟ್ರಾಎಥಿಲ್ ಆರ್ಥೋಸಿಲಿಕೇಟ್ 8.33 ಗ್ರಾಂ. ಮೊದಲು ಎರಡು ಪದರವಾಗಿ ಕಾಣುವ ದ್ರವ ಆರು ಗಂಟೆಯಲ್ಲಿ ತಿಳಿಯಾಗಬೇಕು. ತಿಳಿಯಾಗದೆ ಮುಂದುವರಿಯಬೇಡಿ. ಇನ್ನೊಂದು ಸೀಸೆಯಲ್ಲಿ 20 ಮಿಲಿಗ್ರಾಂ ಪಲ್ಲಾಡಿಯಂ ಕ್ಲೋರೈಡ್ ಅನ್ನು 3 ಮಿಲಿಲೀಟರ್ ನೀರು, 0.3 ಮಿಲಿಲೀಟರ್ ಎಥಿಲೀನ್‌ಡೈಅಮೀನ್‌ನಲ್ಲಿ ಪೂರ್ತಿ ಕರಗಿಸಿ. ಕಂದು ಪುಡಿಯ ಒಂದು ಚೂರೂ ತಳದಲ್ಲಿ ಉಳಿದಿರಬಾರದು. ಇದನ್ನು ಹನಿಹನಿಯಾಗಿ ಸೇರಿಸಿ ಇನ್ನರ್ಧ ಗಂಟೆ ಕಲಕಿ. ಸಿಲಿಕಾ ಪೂರ್ತಿ ಹರಳಾದರೆ 2.4 ಗ್ರಾಂ, ಪಲ್ಲಾಡಿಯಂ 12 ಮಿಲಿಗ್ರಾಂ, ಅಂದರೆ ಶೇ 0.5. ವಾಸ್ತವದಲ್ಲಿ ಸಿಲಿಕಾದ ಒಂದು ಪಾಲು ದ್ರವದಲ್ಲೇ ಉಳಿಯುವುದರಿಂದ ಈ ಸಂಖ್ಯೆ ಬದಲಾಗುತ್ತದೆ.

ಒಟ್ಟು ದ್ರವ ಸುಮಾರು 38 ಮಿಲಿಲೀಟರ್. ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯೊಳಗೆ ಕೂರುವ 50 ಮಿಲಿಲೀಟರಿನ ಟೆಫ್ಲಾನ್ ಲೈನರ್‌ಗೆ ಇದು ಜಾಸ್ತಿ. ಸಿಲಿಕೇಟ್‌ನಿಂದ ಬಿಡುಗಡೆಯಾಗುವ ಏಳು ಗ್ರಾಮಿನಷ್ಟು ಎಥನಾಲ್ ಒತ್ತಡವನ್ನು ಇನ್ನೂ ಏರಿಸುತ್ತದೆ. 100 ಮಿಲಿಲೀಟರಿನ ಆಟೋಕ್ಲೇವ್ ತೆಗೆದುಕೊಳ್ಳಿ, 170 ಡಿಗ್ರಿಯಲ್ಲಿ ಮೂರು ನಾಲ್ಕು ದಿನ ಇಡಿ. ಹಳೆಯ ಲೈನರ್ ಬಗ್ಗೆ ಎಚ್ಚರ: ಗೋಡೆಯಲ್ಲಿ ಉಳಿದ ಹಳೆಯ ಹರಳಿನ ಚೂರುಗಳು ಬೀಜವಾಗಿ ಹರಳಿನ ಗಾತ್ರವನ್ನೇ ಬದಲಿಸುತ್ತವೆ, ಉಳಿದ ಲೋಹ ಹೊಸ ಸ್ಯಾಂಪಲಿಗೆ ಬೆರೆಯುತ್ತದೆ. ಲೋಹದ ಕೆಲಸಕ್ಕೆ ಬೇರೆ ಲೈನರ್ ಮೀಸಲಿಡುವುದೇ ವಾಸಿ.

ತೆರೆದಾಗ ಪುಡಿಯ ಬಣ್ಣ ನೋಡಿ. ಬಿಳಿ ಅಥವಾ ತಿಳಿ ಹಳದಿ ಇದ್ದರೆ ಸರಿ. ಬೂದು ಅಥವಾ ಕಪ್ಪಾಗಿದ್ದರೆ ಸಂಕೀರ್ಣ ಬಿಸಿಗೆ ಒಡೆದು ಲೋಹ ಮೊದಲೇ ಹೊರಗೆ ಕಣ ಕಟ್ಟಿದೆ, ಅದನ್ನು ಮುಂದಕ್ಕೆ ಒಯ್ಯುವುದರಲ್ಲಿ ಅರ್ಥವಿಲ್ಲ. ಹರಳುಗಳು ಇನ್ನೂರು ನ್ಯಾನೋಮೀಟರಿನ ಆಸುಪಾಸಿನಲ್ಲಿದ್ದರೆ ಸೋಸುವ ಕಾಗದದಲ್ಲಿ ನಿಲ್ಲುವುದಿಲ್ಲ, ಸೆಂಟ್ರಿಫ್ಯೂಜ್ ಬೇಕು. ತೊಳೆದ ನೀರಿನ ಪಿಎಚ್ 9ಕ್ಕಿಂತ ಕೆಳಗಿಳಿಯುವವರೆಗೆ ತೊಳೆಯಿರಿ. ಓಣಿಗಳಲ್ಲಿ ತುಂಬಿರುವ ಸಾವಯವ ಅಚ್ಚನ್ನು (ಹರಳು ಯಾವುದರ ಸುತ್ತ ಕಟ್ಟಿತೋ ಆ ಟೆಟ್ರಾಪ್ರೊಪೈಲ್ ಅಮೋನಿಯಂ) ಸುಡುವಾಗ ಅದೇ ಉರಿಯ ಬಿಸಿ ಮತ್ತು ಆವಿ ಲೋಹವನ್ನು ಓಡಿಸಬಲ್ಲವು. ಮೊದಲು ನೈಟ್ರೋಜನ್‌ನಲ್ಲಿ, ಆಮೇಲೆ ಗಾಳಿಯಲ್ಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ 550ಕ್ಕೆ ಏರಿಸಿ ಆರು ಗಂಟೆ. ನಂತರ 400 ಡಿಗ್ರಿಯಲ್ಲಿ ಹೈಡ್ರೋಜನ್.

ಮಾಫ್‌ಗಳ ಬಗ್ಗೆ ಚುಟುಕಾಗಿ

ಮಾಫ್ ಎಂದರೆ ಲೋಹದ ಅಯಾನುಗಳನ್ನು ಸಾವಯವ ಕೊಂಡಿಗಳಿಂದ ಹೆಣೆದ ಲೋಹ-ಸಾವಯವ ಚೌಕಟ್ಟು. ಇವುಗಳ ಗೂಡುಗಳು ಜಿಯೋಲೈಟ್‌ಗಿಂತ ದೊಡ್ಡವು. ಕ್ರೋಮಿಯಂ ಮಿಲ್-101ರಲ್ಲಿ 2.9 ಮತ್ತು 3.4 ನ್ಯಾನೋಮೀಟರಿನ ಗೂಡುಗಳು, 1.2 ಮತ್ತು 1.6ರ ಕಿಂಡಿಗಳು. ಇಲ್ಲಿ ಎರಡು ದ್ರಾವಕಗಳ ವಿಧಾನ ಚೆನ್ನಾಗಿ ನಡೆಯುತ್ತದೆ. ನಿರ್ವಾತದಲ್ಲಿ 150 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದ 200 ಮಿಲಿಗ್ರಾಂ ಪುಡಿಯನ್ನು 40 ಮಿಲಿಲೀಟರ್ ಹೆಕ್ಸೇನ್‌ನಲ್ಲಿ ಕದಡಿ, ಲೋಹದ ಲವಣ ಕರಗಿದ 0.15 ಮಿಲಿಲೀಟರ್ ನೀರನ್ನು ಕಾಲು ಗಂಟೆಯಲ್ಲಿ ಹನಿಸಿ, ಮೂರು ಗಂಟೆ ಕಲಕಬೇಕು. ನೀರಿನ ಗಾತ್ರ ರಂಧ್ರಗಳ ಒಟ್ಟು ಗಾತ್ರಕ್ಕಿಂತ ಕಡಿಮೆ ಇರುವುದರಿಂದ, ಹೆಕ್ಸೇನ್ ನೀರಿಗೆ ಬೆರೆಯದ್ದರಿಂದ, ಹನಿ ಪೂರ್ತಿ ಒಳಗೇ ಹೀರಿಕೊಳ್ಳುತ್ತದೆ. ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸುವುದಾದರೆ ದ್ರಾವಣ ಗಾಢವಾಗಿರಲಿ, ಸುಮಾರು 0.6 ಮೋಲಾರ್. ತೆಳುವಾಗಿದ್ದರೆ ಅಪಕರ್ಷಣೆ ಮುಗಿಯುವುದರೊಳಗೆ ಲವಣ ಹೊರಕ್ಕೆ ಕರಗಿಬಂದು ಹೊರಮೈಯಲ್ಲಿ ಲೋಹವಾಗುತ್ತದೆ. ಬೋರೋಹೈಡ್ರೈಡ್ ಕ್ಷಾರೀಯ ಎಂಬುದೂ ನೆನಪಿರಲಿ: ಯುಐಓ-66 ಎಂಬ ಮಾಫ್ ಆಮ್ಲಕ್ಕೆ ಗಟ್ಟಿ, ಪ್ರಬಲ ಕ್ಷಾರಕ್ಕೂ ಫಾಸ್ಫೇಟ್‌ಗೂ ಕುಸಿಯುತ್ತದೆ.

ಕಿಂಡಿಯ ಅಳತೆಯನ್ನು ಮಾಫ್‌ನಲ್ಲಿ ಅಕ್ಷರಶಃ ನಂಬಬಾರದು. ಝಿಫ್-8ರ ಕಿಂಡಿ ಕಾಗದದ ಮೇಲೆ 0.34 ನ್ಯಾನೋಮೀಟರ್, ಆದರೂ ನೇರ ಸರಪಳಿಯ ಹೆಕ್ಸೀನ್ ಒಳಗೆ ಹೋಗಿ ಹೈಡ್ರೋಜನೀಕರಣಗೊಳ್ಳುತ್ತದೆ, ಸೈಕ್ಲೋಆಕ್ಟೀನ್ ಹೋಗುವುದಿಲ್ಲ. ಅದರ ಸಾವಯವ ಕೊಂಡಿಗಳು ತೂಗಾಡುತ್ತ ದಾರಿ ಬಿಡುತ್ತವೆ. 300 ಡಿಗ್ರಿಗಿಂತ ಮೇಲಿನ ಕೆಲಸಕ್ಕೆ ನಾನು ಮಾಫ್ ಶಿಫಾರಸು ಮಾಡುವುದಿಲ್ಲ.

ಒಳಗಿದೆ ಎಂದು ಹೇಗೆ ಗೊತ್ತು?

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಂದು ಚಿತ್ರ ತೋರಿಸಿ ಲೋಹ ಒಳಗಿದೆ ಎಂದು ಸಾಧಿಸುವವರು ಬಹಳ. ಚಿತ್ರ ಚಪ್ಪಟೆ. ಹರಳಿನ ಮೇಲೆ ಕೂತ ಕಣವೂ ಒಳಗಿನ ಕಣವೂ ಅದರಲ್ಲಿ ಒಂದೇ ರೀತಿ ಕಾಣುತ್ತವೆ. ಹರಳನ್ನು ರಾಳದಲ್ಲಿ ಹುದುಗಿಸಿ 50-70 ನ್ಯಾನೋಮೀಟರಿನ ಹಾಳೆಗಳಾಗಿ ಕೊಯ್ದು ನೋಡಿದರೆ, ಅಥವಾ ತಿರುಗಿಸಿ ತಿರುಗಿಸಿ ಚಿತ್ರ ತೆಗೆದು ಮೂರು ಆಯಾಮದ ಟೊಮೋಗ್ರಫಿ ಮಾಡಿದರೆ ಆ ಮಾತಿಗೆ ಬೆಲೆ ಬರುತ್ತದೆ. ಅಲ್ಲೂ ಅಳತೆ ಗಮನಿಸಿ. ಸಿಲಿಕಲೈಟ್-1ರೊಳಗೆ 2 ನ್ಯಾನೋಮೀಟರಿನ ಕಣ ಕಂಡರೆ ಅದು ಹರಳಿನ ಒಳಗಿರಬಹುದು, ಓಣಿಯ ಒಳಗಂತೂ ಇಲ್ಲ. ಸುತ್ತಲಿನ ಗೋಡೆ ಒಡೆದುಕೊಂಡು ಬೆಳೆದಿದೆ. ಎಕ್ಸ್-ರೇ ವಿವರ್ತನೆಯಲ್ಲಿ ಲೋಹದ ಶಿಖರ ಕಾಣದಿರುವುದೂ ಹೆಚ್ಚೇನು ಹೇಳುವುದಿಲ್ಲ. 2-3 ನ್ಯಾನೋಮೀಟರಿಗಿಂತ ಕೆಳಗೆ, ಅದೂ ಶೇ 1 ಲೋಹದಲ್ಲಿ, ಅದು ಕಾಣುವುದೇ ಇಲ್ಲ.

ಎಕ್ಸ್-ರೇ ಹೀರಿಕೆಯ ಸೂಕ್ಷ್ಮ ರಚನೆಯಿಂದ ಒಂದು ಪರಮಾಣುವಿಗೆ ಸರಾಸರಿ ಎಷ್ಟು ಲೋಹದ ನೆರೆಗಳು ಎಂಬುದು ಸಿಗುತ್ತದೆ. ಗಟ್ಟಿ ಪ್ಲಾಟಿನಂನಲ್ಲಿ 12, 55 ಪರಮಾಣುಗಳ, ಹದಿನಾಲ್ಕು ಮುಖಗಳ ಕ್ಯೂಬೊಆಕ್ಟಾಹೀಡ್ರನ್‌ನಲ್ಲಿ 7.9, 13ರದ್ದರಲ್ಲಿ 5.5. ಆದರೆ ಇದು ಸರಾಸರಿ. ಅರ್ಧ ಲೋಹ ಒಂಟಿ ಪರಮಾಣುಗಳಾಗಿ ಕೂತು, ಉಳಿದರ್ಧ ಹೊರಗೆ ದೊಡ್ಡ ಕಣಗಳಾಗಿದ್ದರೂ ಉತ್ತರ 6ರ ಹತ್ತಿರವೇ ಬರುತ್ತದೆ. 5.5 ಬಂತೆಂದು 13ರ ಕ್ಲಸ್ಟರ್ ಎಂದು ಘೋಷಿಸುವ ಮುನ್ನ ಸೂಕ್ಷ್ಮದರ್ಶಕದ ಗಾತ್ರ ಹಂಚಿಕೆ ಪಕ್ಕದಲ್ಲಿಟ್ಟು ನೋಡಿ. ಲೋಹದ ಹೊರಮೈ ಪರಮಾಣುಗಳನ್ನು ಎಣಿಸುವ ಕಾರ್ಬನ್ ಮಾನಾಕ್ಸೈಡ್ ಹೀರಿಕೆಯಲ್ಲೂ ಹೀಗೆಯೇ: ಅಚ್ಚಿನ ಇಂಗಾಲ ಉಳಿದು ಓಣಿ ಕಟ್ಟಿದ್ದರೆ ಹೀರಿಕೆ ಕಡಿಮೆಯಾಗಿ, ಕಣ ದೊಡ್ಡದು ಎಂಬ ತಪ್ಪು ತೀರ್ಮಾನ ಬರುತ್ತದೆ. ಪಲ್ಲಾಡಿಯಂಗೆ ಹೈಡ್ರೋಜನ್ ಬಳಸಿದರೆ ಅದು ಲೋಹದ ಒಳಗೂ ಕರಗಿ ಲೆಕ್ಕ ಉಬ್ಬಿಸುತ್ತದೆ.

ಲೋಹದ ಪ್ರಮಾಣ ಅಳೆಯುವಾಗ ಅಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕುದಿಸಿದರೆ ಸಾಕೆಂದು ಬಿಡಬೇಡಿ. ಓಣಿಯೊಳಗೆ ಸಿಕ್ಕಿದ ಲೋಹ ಪೂರ್ತಿ ಹೊರಬರುವುದಿಲ್ಲ, ಫಲಿತಾಂಶ ಕಡಿಮೆ ತೋರಿಸುತ್ತದೆ. ಚೌಕಟ್ಟನ್ನೇ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಬೇಕು. ಅದಕ್ಕೆ ಪ್ಲಾಸ್ಟಿಕ್ ಪಾತ್ರೆ, ಆ ಆಮ್ಲ ಮೈಗೆ ತಾಗಿದರೆ ಹಚ್ಚಲು ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್, ತರಬೇತಿ ಪಡೆದ ಜೊತೆಗಾರ, ಈ ಮೂರೂ ಇಲ್ಲದೆ ಮುಟ್ಟಬಾರದು.

ಇವೆಲ್ಲಕ್ಕಿಂತ ನಾನು ನಂಬುವುದು ಗಾತ್ರದ ಪರೀಕ್ಷೆಯನ್ನು. ಕಿಂಡಿಯಲ್ಲಿ ನುಗ್ಗುವ ಒಂದು ಅಣು, ನುಗ್ಗದ ಇನ್ನೊಂದು. ಎ ಜಿಯೋಲೈಟ್‌ಗೆ ಎಥೀನ್ ಮತ್ತು ಟಾಲ್ವೀನ್, ಸಿಲಿಕಲೈಟ್‌ಗೆ ಟಾಲ್ವೀನ್ ಮತ್ತು 1,3,5-ಟ್ರೈಮೆಥಿಲ್ ಬೆಂಝೀನ್. ದೊಡ್ಡ ಅಣು ನಿಧಾನ ಎಂದಷ್ಟೇ ತೋರಿಸಿದರೆ ಸಾಲದು, ಏಕೆಂದರೆ ಅದು ಎಲ್ಲಿ ಹಾಕಿದರೂ ನಿಧಾನವೇ ಇರಬಹುದು. ತೆರೆದ ಸಿಲಿಕಾದ ಮೇಲಿನ ಅದೇ ಲೋಹದಲ್ಲೂ ಎರಡನ್ನೂ ಅಳೆಯಬೇಕು. ಒಂದು ಕಾಲ್ಪನಿಕ ಲೆಕ್ಕ: ತೆರೆದ ಸ್ಯಾಂಪಲಿನಲ್ಲಿ ಚಿಕ್ಕದರ ವೇಗ 100, ದೊಡ್ಡದರದ್ದು 40, ಅನುಪಾತ 2.5. ಗೂಡಿನ ಸ್ಯಾಂಪಲಿನಲ್ಲಿ 60 ಮತ್ತು 0.5, ಅನುಪಾತ 120. ಅನುಪಾತಗಳ ಅನುಪಾತ 48. ದೊಡ್ಡ ಅಣುವಿನ ವೇಗ 40ರಿಂದ 0.5ಕ್ಕೆ ಇಳಿದಿದೆ ಎಂದರೆ, ಎರಡರಲ್ಲೂ ಹೊರಮೈ ಪರಮಾಣುಗಳ ಪಾಲು ಸಮ ಎಂದುಕೊಂಡರೆ, ಹೊರಗಿರುವುದು ಶೇ 1.25 ಲೋಹ ಮಾತ್ರ.

ಚಿಕ್ಕ ಅಣುವಿನ ವೇಗವೂ 100ರಿಂದ 60ಕ್ಕೆ ಇಳಿದದ್ದೇಕೆ? ಒಳಗೆ ಹೋಗಿಬರುವುದೇ ತಡವಾಗುತ್ತಿರಬಹುದು. ಪರೀಕ್ಷಿಸಲು ಎರಡು ಗಾತ್ರದ ಹರಳುಗಳಲ್ಲಿ ಅದೇ ಲೋಹ ಹಾಕಿ ನೋಡಿ. ಪ್ರಸರಣದ ಸಮಯ ದೂರದ ವರ್ಗಕ್ಕೆ ಅನುಗುಣ, 2 ಮೈಕ್ರಾನಿನ ಬದಲು 200 ನ್ಯಾನೋಮೀಟರಿನ ಹರಳಾದರೆ ನೂರನೇ ಒಂದು ಭಾಗ. ವೇಗ ಬದಲಾಗದಿದ್ದರೆ ಪ್ರಸರಣ ಅಡ್ಡಿಯಿಲ್ಲ. ಖಾದ್ಯತೈಲದ ಟ್ರೈಗ್ಲಿಸರೈಡ್‌ಗಳಂಥ ದೊಡ್ಡ ಅಣುಗಳೇ ನಿಮ್ಮ ಗುರಿಯಾಗಿದ್ದರೆ ಈ ಸಣ್ಣ ರಂಧ್ರಗಳ ಸಹವಾಸವೇ ಬೇಡ.

ಕೆಲಸಕ್ಕೆ ಇಳಿದ ಮೇಲೆ

ಗೂಡು ಭದ್ರಕೋಟೆಯಲ್ಲ. ಇಡೀ ಕ್ಲಸ್ಟರ್ ಕಿಂಡಿ ದಾಟಲಾರದು ನಿಜ, ಆದರೆ ಒಂದೊಂದೇ ಪರಮಾಣು ದಾಟಬಲ್ಲದು, ಅದನ್ನು ಹೊತ್ತೊಯ್ಯುವ ಅಣು ಸಿಕ್ಕರೆ. ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ, ಪಲ್ಲಾಡಿಯಂಗಳನ್ನು ಕಾರ್ಬೊನಿಲ್ ಮಾಡಿ ಕದಲಿಸುತ್ತದೆ, ಕ್ಲೋರಿನ್ ಕೂಡ. ಬಹಳ ಬಿಸಿಯಲ್ಲಿ ಆಮ್ಲಜನಕ ಪ್ಲಾಟಿನಂ ಅನ್ನು ಆಕ್ಸೈಡ್ ಆವಿಯಾಗಿ ಎಬ್ಬಿಸುತ್ತದೆ. ನೀರಾವಿ ಬೇರೆ ದಾರಿ ಹಿಡಿಯುತ್ತದೆ: ಚೌಕಟ್ಟಿನ ಅಲ್ಯೂಮಿನಿಯಂ ಕಿತ್ತು ಗೋಡೆಯನ್ನೇ ಸಡಿಲಿಸುತ್ತದೆ. ಆವಿ ಅನಿವಾರ್ಯವಾದಲ್ಲಿ ಸಿಲಿಕಾ ಹೆಚ್ಚಿರುವ ಚೌಕಟ್ಟನ್ನೇ ಆರಿಸಿಕೊಳ್ಳಿ.

ದ್ರವದಲ್ಲಿ ನಡೆಯುವ ಕ್ರಿಯೆಯಾದರೆ ಅರ್ಧ ದಾರಿಯಲ್ಲಿ, ಬಿಸಿ ಇರುವಾಗಲೇ ಸೋಸಿ, ಬರೀ ದ್ರವವನ್ನು ಮುಂದುವರಿಸಿ. ಉತ್ಪನ್ನ ಹೆಚ್ಚುತ್ತಲೇ ಹೋದರೆ ಕೆಲಸ ಮಾಡುತ್ತಿರುವುದು ಕರಗಿ ಹೊರಬಂದ ಲೋಹ. ತಣಿಸಿ ಸೋಸಿದರೆ ಕರಗಿದ ಲೋಹ ಮತ್ತೆ ಪುಡಿಗೆ ಅಂಟಿಕೊಂಡು ಸಾಕ್ಷಿ ಅಳಿಸಿಹೋಗುತ್ತದೆ.

ಇಂಗಾಲ ಸುಟ್ಟು ಪುನಶ್ಚೇತನ ಮಾಡಿದ ಮೇಲೆ ಗಾತ್ರದ ಪರೀಕ್ಷೆಯನ್ನು ಮತ್ತೆ ಮಾಡಿ, ಈ ಸಲ ದೊಡ್ಡ ಅಣುವಿನ ವೇಗವನ್ನು ಮೊದಲು ನೋಡಿ. ಅದು 0.5ರಿಂದ ಏರಿದ್ದರೆ ಲೋಹ ಹೊರಬಿದ್ದಿದೆ. ಅದು ಇದ್ದ ಹಾಗೇ ಇದ್ದು ಚಿಕ್ಕದರ ವೇಗ ಮಾತ್ರ ಕುಸಿದಿದ್ದರೆ ಓಣಿ ಕಟ್ಟಿಕೊಂಡಿರಬಹುದು, ಇಲ್ಲವೇ ಲೋಹ ಒಳಗೇ ಗೋಡೆ ಒಡೆದು ಬೆಳೆದಿರಬಹುದು. ನೈಟ್ರೋಜನ್ ಹೀರಿಕೆಯಲ್ಲಿ ಸೂಕ್ಷ್ಮರಂಧ್ರಗಳ ಗಾತ್ರ ತಗ್ಗಿದ್ದು, ಗಾಳಿಯಲ್ಲಿ ಇನ್ನಷ್ಟು ಹೊತ್ತು ಸುಟ್ಟಾಗ ಮರಳಿ ಬಂದರೆ ಅದು ಮೊದಲನೆಯದು. ರಂಧ್ರಗಳು ಸರಿಯಿದ್ದೂ ಕಾರ್ಬನ್ ಮಾನಾಕ್ಸೈಡ್ ಹೀರಿಕೆ ಇಳಿದಿದ್ದರೆ ಎರಡನೆಯದು. ಆಗ ಸುಡುವ ಉಷ್ಣತೆಯನ್ನು 50 ಡಿಗ್ರಿ ತಗ್ಗಿಸಿ, ಗಾಳಿಯ ಬದಲು ಶೇ 2 ಆಮ್ಲಜನಕದಿಂದ ಶುರುಮಾಡಿ.